ಪಾರ್ಕಿನಲ್ಲಿ ಗುಂಡಿ ತೋಡುವ ಮುನ್ನ

ಪಾರ್ಕಿಗೆ ಬರುವ ಹೊಸ ಯಂತ್ರದ ಬಗ್ಗೆ ಜಗಳ ಶುರುವಾಗುವುದು ಹೆಚ್ಚಾಗಿ ಗುಂಡಿ ತೋಡಿದ ಮೇಲೆ. ಬೆಳಿಗ್ಗೆ ವಾಕಿಂಗಿಗೆ ಬಂದವರ ಕಣ್ಣಿಗೆ ದಾರಿಯ ಪಕ್ಕದಲ್ಲಿ ಮಣ್ಣಿನ ಗುಡ್ಡೆ, ಸುರುಳಿ ಸುತ್ತಿಟ್ಟ ಕೇಬಲ್, ಮಲಗಿಸಿಟ್ಟ ಕಬ್ಬಿಣದ ಕಂಬ ಬೀಳುತ್ತವೆ. ಇದೇನಪ್ಪಾ ಎಂದು ಕೆಲಸದವರನ್ನು ಕೇಳಿದರೆ ಅವರಿಗೂ ಗೊತ್ತಿರುವುದಿಲ್ಲ. ತೋಡಲು ಹೇಳಿದ್ದಾರೆ, ತೋಡುತ್ತಿದ್ದಾರೆ. ಮಧ್ಯಾಹ್ನದ ಹೊತ್ತಿಗೆ ಮೊಬೈಲಿನಲ್ಲಿ ಸುದ್ದಿ ಹರಡುತ್ತದೆ. ಕ್ಯಾಮೆರಾ ಅಂತ ಒಬ್ಬರು, ಟವರ್ ಅಂತ ಇನ್ನೊಬ್ಬರು, ವೈಫೈ ಅಂತ ಮತ್ತೊಬ್ಬರು. ಸಂಜೆಯಾಗುವಷ್ಟರಲ್ಲಿ ಎರಡು ಪಂಗಡ. ಒಂದು ಪಂಗಡಕ್ಕೆ ಅಭಿವೃದ್ಧಿಗೆ ಅಡ್ಡಗಾಲು ಹಾಕುವವರು ಎಂಬ ಹೆಸರು ಬೀಳುತ್ತದೆ, ಇನ್ನೊಂದಕ್ಕೆ ಹಸಿರಿನ ಬೆಲೆ ತಿಳಿಯದವರು ಎಂಬ ಹೆಸರು. ಆಮೇಲೆ ಯಂತ್ರದ ವಿಷಯ ಯಾರಿಗೂ ನೆನಪಿರುವುದಿಲ್ಲ, ಜಗಳ ಈ ಹೆಸರುಗಳ ಮೇಲೆಯೇ ನಡೆಯುತ್ತದೆ.

ಇಂಥ ಜಗಳಗಳನ್ನು ಹತ್ತಿರದಿಂದ ನೋಡಿದ್ದೇನೆ, ಕೆಲವದರಲ್ಲಿ ಮಾತೂ ಆಡಿದ್ದೇನೆ. ಪಾರ್ಕು ನನಗೆ ದಿನನಿತ್ಯದ ಅಗತ್ಯ. ಏನನ್ನೂ ಕೊಳ್ಳದೆ, ಯಾರಿಗೂ ಲೆಕ್ಕ ಒಪ್ಪಿಸದೆ, ಯಾಕೆ ಬಂದೆ ಎಂದು ಯಾರಿಂದಲೂ ಕೇಳಿಸಿಕೊಳ್ಳದೆ ಕೂರಬಹುದಾದ ಜಾಗಗಳು ಊರುಗಳಲ್ಲಿ ಕಡಿಮೆಯಾಗುತ್ತಿವೆ. ಹಾಗಾಗಿ ಅಲ್ಲಿ ಏಳುವ ಪ್ರತಿ ಕಂಬವೂ ನನಗೆ ಸಂಬಂಧಪಟ್ಟದ್ದೇ. ಆದರೂ ‘ತಂತ್ರಜ್ಞಾನ ಬೇಕೋ ಬೇಡವೋ’ ಎಂದು ಕೈ ಎತ್ತಿಸುವ ಸಭೆಗಳಲ್ಲಿ ನನಗೆ ಯಾವ ಕಡೆಗೂ ಕೈ ಎತ್ತಲು ಮನಸ್ಸಾಗುವುದಿಲ್ಲ. ನನ್ನ ಪ್ರಶ್ನೆಗಳು ಬೇರೆ. ಈ ಯಂತ್ರ ಬಂದರೆ, ಇಷ್ಟು ದಿನ ಬರಲಾಗದೆ ಉಳಿದ ಯಾರು ಒಳಗೆ ಬರುತ್ತಾರೆ? ಇಷ್ಟು ದಿನ ಬರುತ್ತಿದ್ದ ಯಾರು ಬರುವುದನ್ನು ಬಿಡುತ್ತಾರೆ? ನಾಳೆ ಇದು ಬೇಡವೆನಿಸಿದರೆ ಕೀಳಿಸುವ ಅಧಿಕಾರ ಯಾರ ಕೈಯಲ್ಲಿರುತ್ತದೆ?

ಯಂತ್ರದ ಸೋಂಕಿಲ್ಲದ ಪಾರ್ಕು ಎಂಬುದೊಂದು ಇತ್ತು, ಅದನ್ನು ಈಗ ಕೆಡಿಸುತ್ತಿದ್ದಾರೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಜಗತ್ತಿನ ಅತಿ ಪ್ರಸಿದ್ಧ ನಗರೋದ್ಯಾನಗಳಲ್ಲೊಂದಾದ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕನ್ನೇ ನೋಡಿ. ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ಮತ್ತು ಕಾಲ್ವರ್ಟ್ ವಾಕ್ಸ್ ಇಬ್ಬರ ನಕ್ಷೆ 1858ರಲ್ಲಿ ಆಯ್ಕೆಯಾಯಿತು. ಅಲ್ಲಿನ ಕೆರೆಗಳು ಮನುಷ್ಯರು ತೋಡಿದವು. ಬಂಡೆಗಳನ್ನು ಸಿಡಿಮದ್ದು ಇಟ್ಟು ಒಡೆದರು, ಜೌಗು ನೆಲದ ನೀರನ್ನು ನೆಲದಡಿಯ ಕೊಳವೆಗಳಲ್ಲಿ ಬಸಿದರು, ಮಣ್ಣನ್ನು ಗಾಡಿಗಟ್ಟಲೆ ಹೊರಗಿನಿಂದ ತಂದರು. ಊರಿನ ಸಂಚಾರ ಪಾರ್ಕನ್ನು ಅಡ್ಡ ಹಾಯಲೇಬೇಕಿತ್ತು. ಅದಕ್ಕಾಗಿ ನಾಲ್ಕು ರಸ್ತೆಗಳನ್ನು ನೆಲಮಟ್ಟಕ್ಕಿಂತ ಕೆಳಗೆ ಕೊರೆದು, ಮೇಲೆ ಸೇತುವೆ ಹಾಕಿ, ಗಿಡ ನೆಟ್ಟು ಮರೆ ಮಾಡಿದರು. ಹುಲ್ಲಿನ ಮೇಲೆ ಕೂತವರಿಗೆ ಕೆಳಗೆ ಗಾಡಿ ಹೋಗುವುದು ಕಾಣಬಾರದು ಎಂಬುದು ಅವರ ಲೆಕ್ಕ. ಕುದುರೆಗಾಡಿಗೆಂದು ಮಾಡಿದ ಆ ರಸ್ತೆಗಳಲ್ಲಿ ಇವತ್ತು ಬಸ್ಸು ಓಡುತ್ತದೆ, ಲೆಕ್ಕ ಇನ್ನೂ ತಪ್ಪಿಲ್ಲ.

ಅಂದರೆ ಪಾರ್ಕು ಎಂಬುದು ಮೊದಲಿಂದಲೂ ಎಂಜಿನಿಯರುಗಳ ಕೈಕೆಲಸವೇ. ನನಗೆ ಮೆಚ್ಚುಗೆಯಾಗುವುದು ಆ ಕೈಕೆಲಸ ಯಾರ ಪರವಾಗಿ ನಡೆಯಿತು ಎಂಬುದು. ಕೂತವರ ನೆಮ್ಮದಿಗೆ ಅಲ್ಲಿ ರಸ್ತೆಯೇ ತಗ್ಗಿತು.

ಅದೇ ಪಾರ್ಕಿನ ಮುಂದಿನ ಕಥೆ ಇಷ್ಟು ಹಿತವಾಗಿಲ್ಲ. 1899ರಲ್ಲಿ ಮೊದಲ ಮೋಟಾರು ಕಾರು ಅಲ್ಲಿನ ಒಳರಸ್ತೆಗಳಿಗೆ ಬಂತು. ಆಮೇಲೆ ಸಾರೋಟಿನ ವಿಹಾರಕ್ಕೆಂದು ಇದ್ದ ಸುತ್ತುದಾರಿ ಆಫೀಸಿಗೆ ಹೋಗುವವರ ಅಡ್ಡದಾರಿಯಾಯಿತು. ಊರಿನವರು ದಶಕಗಟ್ಟಲೆ ಹೋರಾಡಿದರು. ಮೊದಲು ವಾರಾಂತ್ಯದಲ್ಲಿ ಬಂದ್, ಆಮೇಲೆ ದಿನದ ಕೆಲವು ಗಂಟೆ ಬಂದ್, ಆಮೇಲೆ ಕೆಲವು ಭಾಗ ಬಂದ್. ಒಳಗಿನ ಎಲ್ಲ ವಿಹಾರ ರಸ್ತೆಗಳಿಂದ ಕಾರುಗಳು ಪೂರ್ತಿ ಹೊರಬಿದ್ದದ್ದು 2018ರ ಜೂನ್‌ನಲ್ಲಿ. ಒಳಗೆ ಬಿಟ್ಟುಕೊಳ್ಳಲು ಒಂದು ಪರವಾನಗಿ ಸಾಕಾಗಿತ್ತು. ಹೊರಗೆ ಕಳಿಸಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು.

ಹಾಗೆಂದು ಕಾರನ್ನು ವಿರೋಧಿಸಿದವರ ಮಾತೇ ಪೂರ್ತಿ ಸರಿಯಿತ್ತು ಎನ್ನಲಾರೆ. 1872ರಲ್ಲಿ ಸ್ಥಾಪನೆಯಾದ ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಕಾರುಗಳಿಗೆ ಪ್ರವೇಶ ಸಿಕ್ಕಿದ್ದು 1915ರ ಆಗಸ್ಟ್ 1ರಂದು. ಕುದುರೆಗಳು ಬೆದರುತ್ತವೆ, ದಾರಿ ಕಿರಿದು, ಸದ್ದು ತಡೆಯಲಾಗದು ಎಂದು ಆಕ್ಷೇಪಗಳಿದ್ದವು. ಅವೆಲ್ಲ ನಿಜವೂ ಆಗಿದ್ದವು. ಎರಡೇ ವರ್ಷದಲ್ಲಿ, 1917ರ ಹೊತ್ತಿಗೆ, ಪ್ರವಾಸಿಗರನ್ನು ಒಯ್ಯುತ್ತಿದ್ದ ಕುದುರೆ ಗಾಡಿಗಳ ಜಾಗವನ್ನು ಮೋಟಾರು ಬಸ್ಸುಗಳು ಹಿಡಿದವು. ಆದರೆ ಅದಕ್ಕೂ ಮೊದಲು ಅಲ್ಲಿಗೆ ಹೋಗುತ್ತಿದ್ದವರು ಯಾರು? ರೈಲಿನಲ್ಲಿ ಬಂದು, ಗಾಡಿ ಹಿಡಿದು, ದಿನಗಟ್ಟಲೆ ಹೋಟೆಲಿನಲ್ಲಿ ಉಳಿಯುವ ಶಕ್ತಿಯಿದ್ದವರು. ಡೇರೆ ಕಟ್ಟಿಕೊಂಡು ಸ್ವಂತ ಕಾರಿನಲ್ಲಿ ಬಂದ ಸಾಧಾರಣ ಕುಟುಂಬಗಳಿಗೆ ಆ ಗೇಟು ತೆರೆದದ್ದು ಮೋಟಾರು. ಒಂದೇ ಯಂತ್ರ ಕೆಲವರನ್ನು ಒಳಗೆ ತಂದಿತು, ಇದ್ದ ಮೌನವನ್ನು ಹೊರಗೆ ಕಳಿಸಿತು. ಇದಕ್ಕೆ ಒಳ್ಳೆಯ ಪರಿಹಾರ ಬಹಳ ಕಾಲದ ನಂತರ ಅದೇ ದೇಶದ ಝಯಾನ್ ರಾಷ್ಟ್ರೀಯ ಉದ್ಯಾನದ ಕಣಿವೆಯಲ್ಲಿ ಕಂಡಿತು. ಅಲ್ಲಿ 2000ನೇ ಇಸವಿಯಿಂದ, ಜನ ಹೆಚ್ಚಿರುವ ತಿಂಗಳುಗಳಲ್ಲಿ, ಕಣಿವೆಯ ರಸ್ತೆಗೆ ಖಾಸಗಿ ಕಾರಿಗೆ ಪ್ರವೇಶವಿಲ್ಲ. ಉದ್ಯಾನದ್ದೇ ಬಸ್ಸು ಹತ್ತಬೇಕು. ಜನ ಮೊದಲಿನಂತೆಯೇ ಬರುತ್ತಾರೆ, ಕಾರುಗಳ ಸಾಲು ಇಲ್ಲ.

ವಿರೋಧದ ಒಳಗೆ ಏನು ಅಡಗಿರುತ್ತದೆ ಎಂಬುದನ್ನೂ ನೋಡಬೇಕು. 1844ರಲ್ಲಿ ಇಂಗ್ಲೆಂಡಿನ ಸರೋವರ ಸೀಮೆಗೆ ರೈಲು ಬರುತ್ತದೆ ಎಂದಾಗ ಕವಿ ವಿಲಿಯಂ ವರ್ಡ್ಸ್‌ವರ್ತ್ ಪತ್ರಿಕೆಗೆ ಪತ್ರ ಬರೆದು ಪ್ರತಿಭಟಿಸಿದರು. ಬೆಟ್ಟ, ಕೆರೆ, ನಿಶ್ಶಬ್ದಗಳ ಬಗ್ಗೆ ಅವರಿಗಿದ್ದ ಕಳಕಳಿಯಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದರ ಜೊತೆಗೇ ಇನ್ನೊಂದು ಮಾತೂ ಇತ್ತು: ಇಂಥ ಸೊಬಗನ್ನು ಸವಿಯಲು ಮನಸ್ಸಿಗೆ ದೀರ್ಘ ಸಂಸ್ಕಾರ ಬೇಕು, ಕಾರ್ಖಾನೆ ಕೆಲಸಗಾರರನ್ನು ಗುಂಪುಗುಂಪಾಗಿ ತಂದು ಇಳಿಸಿದರೆ ಅವರಿಗೂ ಲಾಭವಿಲ್ಲ, ಜಾಗಕ್ಕೂ ಇಲ್ಲ ಎಂಬ ಮಾತು. ರೈಲು 1847ರಲ್ಲಿ ವಿಂಡರ್‌ಮಿಯರ್ ಮುಟ್ಟಿತು. 1951ರಲ್ಲಿ ಆ ಸೀಮೆ ಎಲ್ಲರಿಗೂ ತೆರೆದ ರಾಷ್ಟ್ರೀಯ ಉದ್ಯಾನವಾಯಿತು. ಪಾರ್ಕು ಕೆಡುತ್ತದೆ ಎಂದು ನಾವು ಹೇಳುವಾಗ, ಬೇರೆಯವರು ಬಂದುಬಿಡುತ್ತಾರೆ ಎಂಬ ಅಸಮಾಧಾನ ಆ ಮಾತಿನಲ್ಲಿ ಎಷ್ಟು ಸೇರಿಕೊಂಡಿದೆ ಎಂದು ಪ್ರತಿಸಲವೂ ಕೇಳಿಕೊಳ್ಳಬೇಕಾಗುತ್ತದೆ.

ನಾನು ದಿನವೂ ಹೋಗುವ ಪಾರ್ಕಿನಲ್ಲಿ ಹೊಸ ದೀಪ ಮತ್ತು ಕ್ಯಾಮೆರಾ ಹಾಕುವ ಬಗ್ಗೆ ಸಭೆಯಾಯಿತು. ಮರದ ಕೆಳಗೆ ಒಂದಷ್ಟು ಕುರ್ಚಿ, ನಿಂತವರೇ ಹೆಚ್ಚು. ಹಕ್ಕಿ ನೋಡುವ ಹವ್ಯಾಸದ ಹಿರಿಯರೊಬ್ಬರು ಎದ್ದು, ದೀಪ ಹೆಚ್ಚಾದರೆ ಬಾವಲಿಗಳು ಜಾಗ ಬಿಡುತ್ತವೆ, ರಾತ್ರಿ ಪೂರ್ತಿ ಉರಿಯುವ ಬಿಳಿ ಬೆಳಕಿಗೆ ಹುಳುಗಳು ಮುತ್ತಿ ಸಾಯುತ್ತವೆ, ಪಾರ್ಕು ಬರೀ ಮನುಷ್ಯರದ್ದಲ್ಲ ಎಂದರು. ಚಪ್ಪಾಳೆ ಬಿತ್ತು. ಆಗ ಹಿಂದಿನಿಂದ ಹೆಂಗಸೊಬ್ಬರು ಮಾತಾಡಿದರು. ಕೆಲಸ ಮುಗಿಸಿ ಕತ್ತಲಾದ ಮೇಲೆಯೇ ಅವರು ಪಾರ್ಕು ದಾಟಿ ಮನೆಗೆ ಹೋಗುವುದು.

“ಸರ್, ನಿಮ್ಮ ಹಾಗೆ ಬೆಳಿಗ್ಗೆ ಹೊತ್ತು ಬಂದು ಹಕ್ಕಿ ನೋಡೋಕೆ ನನಗೆ ಪುರುಸೊತ್ತಿಲ್ಲ. ಬೆಳಕು ಜಾಸ್ತಿ ಬೇಕು ಅಂತ ನಾನು ಹೇಳ್ತಿಲ್ಲ. ಎದುರಿಗೆ ಬರೋರ ಮುಖ ನನಗೆ ದೂರದಿಂದಲೇ ಕಾಣಬೇಕು, ಅಷ್ಟೇ.”

“ಅದಕ್ಕೆ ದೀಪ ಬೇಕಲ್ಲಮ್ಮಾ,” ಎಂದರು ಹಿರಿಯರು.

“ಈಗಲೂ ದೀಪ ಇದೆ ಸರ್. ಅದರ ಕೆಳಗೆ ನಿಂತರೆ ನಾನು ಎಲ್ಲರಿಗೂ ಕಾಣ್ತೀನಿ, ನನಗೆ ಯಾರೂ ಕಾಣಲ್ಲ.”

ಆ ಮಾತು ಕೇಳಿದ ಮೇಲೆ ಕತ್ತಲಾಗುವವರೆಗೆ ಕಾದು ನಾನೇ ಆ ದೀಪದ ಕೆಳಗೆ ನಿಂತು ನೋಡಿದೆ. ಅವರು ಹೇಳಿದ್ದು ಅಕ್ಷರಶಃ ನಿಜ. ಕಂಬದ ತುದಿಯ ಬಲ್ಬಿಗೆ ಮುಚ್ಚಳವಿಲ್ಲ. ಬೆಳಕಿನಲ್ಲಿ ಬಹುಪಾಲು ಪಕ್ಕದ ಮರದ ಎಲೆಗಳಿಗೂ ಆಕಾಶಕ್ಕೂ ಹೋಗುತ್ತಿದೆ. ಎಲೆಗಳು ಹಗಲಿನಷ್ಟು ಹಸಿರಾಗಿ ಹೊಳೆಯುತ್ತಿವೆ, ಸುತ್ತ ಹುಳುಗಳ ಮೋಡ. ನೆಲದ ಮೇಲೆ ಕಣ್ಣು ಕುಕ್ಕುವ ಒಂದು ಬಿಳಿ ವೃತ್ತ. ಅದರ ಅಂಚು ದಾಟಿದರೆ ಗವ್ವೆನ್ನುವ ಕತ್ತಲು. ಬೆಳಕಿಗೆ ಕಿರಿದಾದ ಕಣ್ಣಿನ ಪಾಪೆ ಮತ್ತೆ ಅಗಲವಾಗುವಷ್ಟರಲ್ಲಿ ಮುಂದಿನ ಕಂಬ ಬಂದಿರುತ್ತದೆ. ದಾರಿಯ ಪಕ್ಕದ ಪೊದೆಯ ಹತ್ತಿರ ಯಾರೋ ನಿಂತಿದ್ದರು. ಅವರು ಕೆಮ್ಮುವವರೆಗೂ ನನಗೆ ಗೊತ್ತಾಗಲಿಲ್ಲ.

ಆ ದೀಪ ಬಾವಲಿಗೂ ಒಳ್ಳೆಯದಲ್ಲ, ಆ ಹೆಂಗಸಿಗೂ ಒಳ್ಳೆಯದಲ್ಲ. ಸಭೆಯಲ್ಲಿ ಎದುರಾಳಿಗಳಂತೆ ನಿಂತ ಇಬ್ಬರೂ ಕೇಳುತ್ತಿದ್ದದ್ದು ಹೆಚ್ಚುಕಡಿಮೆ ಒಂದನ್ನೇ: ಬೆಳಕು ನೆಲಕ್ಕೆ ಮಾತ್ರ ಬೀಳುವಂತೆ ಮೇಲೆ ಮತ್ತು ಬದಿಗೆ ಮುಚ್ಚಳ, ಕಂಬದ ಎತ್ತರ ಕಡಿಮೆ, ಕಂಬಗಳ ನಡುವಿನ ಅಂತರವೂ ಕಡಿಮೆ, ನೀಲಿ ಬೆರೆತ ಬಿಳಿಯ ಬದಲು, ಬೆಳಕಿನ ಬಣ್ಣ ಅಳೆಯುವ ಮಾನದಲ್ಲಿ 3000 ಕೆಲ್ವಿನ್‌ಗಿಂತ ಕೆಳಗಿನ ಹಳದಿ ಬೆಳಕು, ಜನ ಓಡಾಡದ ಹೊತ್ತಿನಲ್ಲಿ ತಾನೇ ಮಂಕಾಗುವ ವ್ಯವಸ್ಥೆ. ಇದು ಕನಸಿನ ಮಾತಲ್ಲ. ನೆದರ್‌ಲ್ಯಾಂಡ್ಸಿನ ನ್ಯೂಕೋಪ್ ಎಂಬಲ್ಲಿ 2018ರಲ್ಲಿ ಹೊಸ ಬಡಾವಣೆಯೊಂದಕ್ಕೆ ಬಾವಲಿಗಳಿಗೆ ತೊಂದರೆಯಾಗದ ಕೆಂಪು ಛಾಯೆಯ ಎಲ್‌ಇಡಿ ಬೀದಿದೀಪ ಹಾಕಿದರು. ಮನುಷ್ಯರಿಗೆ ದಾರಿ ಕಾಣುತ್ತದೆ, ಅಪರೂಪದ ಬಾವಲಿಗಳು ತಮ್ಮ ದಾರಿ ಬಿಟ್ಟು ಹೋಗಬೇಕಿಲ್ಲ. ಅಮೆರಿಕದ ಯೂಟಾ ರಾಜ್ಯದ ನ್ಯಾಚುರಲ್ ಬ್ರಿಜಸ್ ಉದ್ಯಾನ 2007ರಲ್ಲಿ ಜಗತ್ತಿನ ಮೊದಲ ಅಂತರರಾಷ್ಟ್ರೀಯ ‘ಡಾರ್ಕ್ ಸ್ಕೈ ಪಾರ್ಕ್’, ಅಂದರೆ ರಾತ್ರಿಯ ಆಕಾಶದ ಕತ್ತಲನ್ನು ಕಾಪಾಡುವ ಉದ್ಯಾನ, ಎಂಬ ಮಾನ್ಯತೆ ಪಡೆಯಿತು. ಅಲ್ಲೂ ದೀಪಗಳಿವೆ. ಬೆಳಕು ಮೇಲಕ್ಕೆ ಚೆಲ್ಲದಂತೆ ಅವನ್ನು ಬದಲಾಯಿಸಿದ್ದಾರೆ, ಅಷ್ಟೇ. ಬೇಕು–ಬೇಡಗಳ ಸಭೆಯಲ್ಲಿ ಮುಚ್ಚಳದ ವಿಷಯ ಬರುವುದೇ ಇಲ್ಲ ಎಂಬುದು ನನ್ನ ದೊಡ್ಡ ದೂರು.

ಕ್ಯಾಮೆರಾ ಇಷ್ಟು ಸುಲಭದ ವಿಷಯವಲ್ಲ. ಸಭೆಯಲ್ಲಿ ಅದನ್ನು ಕೇಳಿದವರು ಚೀಲ ಕಳೆದುಕೊಂಡವರು, ಮೊಮ್ಮಗು ಸ್ವಲ್ಪ ಹೊತ್ತು ಕಾಣದೆ ಕಂಗಾಲಾದವರು. ಅವರ ಭಯವನ್ನು ಹಗುರವಾಗಿ ಕಾಣುವ ಹಕ್ಕು ನನಗಿಲ್ಲ. ಆದರೆ ಪಾರ್ಕಿನಲ್ಲಿ ಕಣ್ಣಿಗೆ ಬೀಳದೆ ಇರಬೇಕಾದವರೂ ಇರುತ್ತಾರೆ. ಕೆಲಸ ಹೋದದ್ದನ್ನು ಮನೆಯಲ್ಲಿ ಹೇಳಲಾಗದೆ ಹಗಲೆಲ್ಲ ಬೆಂಚಿನ ಮೇಲೆ ಕಳೆಯುವವರು. ಮನೆಯಲ್ಲಿ ಅಳಲು ಜಾಗವಿಲ್ಲದೆ ಇಲ್ಲಿ ಬಂದು ಅತ್ತು ಹೋಗುವವರು. ಒಬ್ಬರ ಪಕ್ಕ ಒಬ್ಬರು ಕೂತು ಮಾತಾಡಲು ಬೇರೆಲ್ಲೂ ಅವಕಾಶವಿಲ್ಲದ ಹುಡುಗ ಹುಡುಗಿ. ಕ್ಯಾಮೆರಾ ಯಾರನ್ನೂ ಎದ್ದು ಹೋಗು ಎನ್ನುವುದಿಲ್ಲ; ಇವರು ತಾವಾಗಿಯೇ ಎದ್ದು ಹೋಗುತ್ತಾರೆ. ಹೋದದ್ದಕ್ಕೆ ಎಲ್ಲೂ ದಾಖಲೆ ಇರುವುದಿಲ್ಲ, ಯಾವ ಸಭೆಗೂ ಬಂದು ಅವರು ದೂರು ಕೊಡುವುದಿಲ್ಲ.

ಪಾರ್ಕಿಗೆ ಎಷ್ಟು ಜನ ಬರುತ್ತಾರೆ ಎಂಬ ಲೆಕ್ಕ ಆಡಳಿತಕ್ಕೆ ಬೇಕು ಎಂಬ ಇನ್ನೊಂದು ಕಾರಣವನ್ನೂ ಕೊಡುತ್ತಾರೆ. ನ್ಯಾಯವಾದದ್ದೇ, ಎಷ್ಟು ಶೌಚಾಲಯ, ಎಷ್ಟು ಕಸದ ಬುಟ್ಟಿ, ಎಷ್ಟು ಕೆಲಸದವರು ಎಂಬುದಕ್ಕೆ ಅಂಕಿ ಬೇಕು. ಆದರೆ ಎಣಿಸಲು ಹಲವು ದಾರಿಗಳಿವೆ. ಕಾಡುದಾರಿಗಳ ಪಕ್ಕದ ಗೂಟಕ್ಕೆ ಬಿಗಿಯುವ ಪುಟ್ಟ ಡಬ್ಬಿಯೊಂದಿದೆ. ಹಾದು ಹೋದ ದೇಹದ ಶಾಖವನ್ನು ಅವಕೆಂಪು ಕಿರಣಗಳ ಮೂಲಕ ಗುರುತಿಸಿ ಒಂದು, ಎರಡು ಎಂದು ಕೂಡುತ್ತದೆ. ಹೋದವರು ಯಾರು ಎಂಬುದು ಅದಕ್ಕೆ ತಿಳಿಯಲು ದಾರಿಯೇ ಇಲ್ಲ. ಇನ್ನೊಂದು ಬಗೆ, ನಮ್ಮ ಜೇಬಿನ ಮೊಬೈಲು ವೈಫೈಗಾಗಿ ಹುಡುಕುತ್ತಾ ಬಿಡುವ ಸಂಕೇತವನ್ನು ಹಿಡಿಯುವುದು. ಮೊಬೈಲು ಚಾರ್ಜ್ ಮಾಡಿಕೊಡುವ ಸೌರ ಬೆಂಚುಗಳಲ್ಲಿ ಕೆಲವು ಈ ಕೆಲಸವನ್ನೂ ಮಾಡುತ್ತವೆ. ಪ್ರತಿ ಮೊಬೈಲಿಗೂ ಬದಲಾಗದ ಒಂದು ಸಂಖ್ಯೆ ಇದ್ದ ಕಾಲದಲ್ಲಿ, ನಿನ್ನೆ ಬಂದವರೇ ಇವತ್ತೂ ಬಂದರೇ ಎಂಬುದನ್ನು ಇದರಿಂದ ಹೇಳಬಹುದಿತ್ತು. 2014ರಲ್ಲಿ ಆ್ಯಪಲ್ ತನ್ನ ಫೋನುಗಳು ಹುಡುಕುವಾಗ ಸುಳ್ಳು ಸಂಖ್ಯೆ ಕೊಡುವಂತೆ ಮಾಡಿದ್ದು ಇಂಥ ಕಾರಣಕ್ಕೇ. ಮೂರನೆಯದು ಕ್ಯಾಮೆರಾ ಮತ್ತು ಅದರ ಹಿಂದಿನ ಸಾಫ್ಟ್‌ವೇರ್. ಮೂರೂ ಎಣಿಕೆ ಮಾಡುತ್ತವೆ. ಮೊದಲನೆಯದರಲ್ಲಿ ಕೆಲಸ ಆಗುವಾಗ ಮೂರನೆಯದನ್ನು ಯಾಕೆ ತರಬೇಕು ಎಂದು ಕೇಳಿದರೆ ಅದು ತಂತ್ರಜ್ಞಾನದ ವಿರೋಧ ಹೇಗಾಗುತ್ತದೆ?

ಈ ವಿಷಯದಲ್ಲಿ ನನ್ನ ಮನಸ್ಸಿಗೆ ಪದೇ ಪದೇ ಬರುವುದು ಸಿಂಗಪುರದ ಬಿಶಾನ್–ಆಂಗ್ ಮೊ ಕಿಯೊ ಪಾರ್ಕು. ಅದರ ಅಂಚಿನಲ್ಲಿ ಕಲ್ಲಾಂಗ್ ನದಿ ಒಂದು ನೆಟ್ಟಗಿನ ಕಾಂಕ್ರೀಟ್ ಚರಂಡಿಯಲ್ಲಿ ಹರಿಯುತ್ತಿತ್ತು, ಸುಮಾರು 2.7 ಕಿಲೋಮೀಟರು ಉದ್ದಕ್ಕೆ. ಆ ಕಾಂಕ್ರೀಟನ್ನು ಒಡೆದು ಹಾಕಿ, ನದಿಯನ್ನು ಪಾರ್ಕಿನೊಳಗೆ ತಂದು, ಅಂಕುಡೊಂಕಾಗಿ ಸುಮಾರು 3.2 ಕಿಲೋಮೀಟರು ಹರಿಯುವಂತೆ ಬಿಟ್ಟರು. 2012ರಲ್ಲಿ ಅದು ಜನರಿಗೆ ತೆರೆಯಿತು. ಮಕ್ಕಳು ನೀರಿಗಿಳಿಯಬಹುದು, ಕಲ್ಲಿನಿಂದ ಕಲ್ಲಿಗೆ ಹಾರಿ ನದಿ ದಾಟಬಹುದು. ಆದರೆ ಅಲ್ಲಿ ಮಳೆ ಬಂದರೆ ನೀರು ಬಹಳ ಬೇಗ ಏರುತ್ತದೆ. ದಂಡೆಯ ಹುಲ್ಲುಗಾವಲೇ ಪ್ರವಾಹದ ಹರವು. ಹಾಗಾಗಿ ನದಿಯಲ್ಲಿ ನೀರಿನ ಮಟ್ಟ ಅಳೆಯುವ ಸೆನ್ಸರುಗಳಿವೆ. ಮಟ್ಟ ಏರುತ್ತಿದ್ದಂತೆ ದೀಪ ಮಿನುಗುತ್ತದೆ, ಸೈರನ್ ಕೂಗುತ್ತದೆ, ಮೇಲೆ ಬನ್ನಿ ಎಂದು ಧ್ವನಿ ಹೇಳುತ್ತದೆ. ಬೇಲಿ ಹಾಕಿ ನದಿಯನ್ನು ಜನರಿಂದ ದೂರವಿಡುವುದು ಸುಲಭದ ದಾರಿಯಾಗಿತ್ತು. ಅದರ ಬದಲು ಸೆನ್ಸರ್ ಇಟ್ಟು ನದಿಯನ್ನು ಮುಟ್ಟಲು ಬಿಟ್ಟರು. ಇಂಥ ಯಂತ್ರಕ್ಕೆ ನಾನು ಎರಡೂ ಕೈ ಎತ್ತುತ್ತೇನೆ. ಅದು ಕಣ್ಣಿಟ್ಟಿರುವುದು ನೀರಿನ ಮೇಲೆ.

ಅದೇ ಪಾರ್ಕಿಗೆ 2020ರ ಮೇ ತಿಂಗಳಲ್ಲಿ ನಾಲ್ಕು ಕಾಲಿನ ಹಳದಿ ರೋಬಾಟ್ ಬಂತು. ಸೋಂಕಿನ ಕಾಲ, ಒಬ್ಬರಿಂದೊಬ್ಬರು ದೂರ ಇರಿ ಎಂದು ಮುದ್ರಿತ ಧ್ವನಿಯಲ್ಲಿ ಹೇಳುತ್ತಾ ಅದು ದಾರಿಯಲ್ಲಿ ನಡೆಯುತ್ತಿತ್ತು, ಮೈಮೇಲಿನ ಕ್ಯಾಮೆರಾದಿಂದ ಜನ ಎಷ್ಟಿದ್ದಾರೆ ಎಂದು ಅಂದಾಜು ಮಾಡುತ್ತಿತ್ತು. ವ್ಯಕ್ತಿಗಳನ್ನು ಗುರುತಿಸುವುದಿಲ್ಲ, ವೈಯಕ್ತಿಕ ಮಾಹಿತಿ ಸಂಗ್ರಹಿಸುವುದಿಲ್ಲ ಎಂದು ಅಧಿಕಾರಿಗಳು ಮೊದಲೇ ಹೇಳಿದ್ದರು. ಎರಡು ವಾರದ ಪ್ರಯೋಗ ಎಂದೂ ಹೇಳಿದ್ದರು. ಆ ಎರಡನೆಯ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಹಾಗಿದ್ದರೂ, ವಿಹಾರಕ್ಕೆ ಬಂದವರಿಗೆ ಎದುರು ಬಂದು ಬುದ್ಧಿ ಹೇಳುವ ಯಂತ್ರವನ್ನೂ ನೀರು ಏರಿದೆ ಎಂದು ಕೂಗುವ ಯಂತ್ರವನ್ನೂ ಒಂದೇ ತಕ್ಕಡಿಗೆ ಹಾಕಲು ನನ್ನಿಂದಾಗದು.

ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಪಾರ್ಕ್ ಎಂಬ ಪುಟ್ಟ ನಗರದಲ್ಲಿ 2019ರಲ್ಲಿ ಉದ್ಯಾನವೊಂದಕ್ಕೆ ಗಸ್ತು ರೋಬಾಟ್ ತಂದರು, ಮೈಮೇಲೆ ಪೊಲೀಸ್ ಎಂದು ಬರೆಸಿ. ಹೊಡೆದಾಟ ಶುರುವಾದಾಗ ಮಹಿಳೆಯೊಬ್ಬರು ಓಡಿ ಹೋಗಿ ಅದರ ತುರ್ತು ಗುಂಡಿ ಒತ್ತಿದರು. ಅದು ದಾರಿ ಬಿಡಿ ಎಂದು ಹೇಳಿ ಮುಂದೆ ಸಾಗಿತು. ಆ ಗುಂಡಿಗೆ ಪೊಲೀಸ್ ಠಾಣೆಯ ಸಂಪರ್ಕ ಇನ್ನೂ ಕೊಟ್ಟಿರಲಿಲ್ಲ ಎಂಬುದು ಆಮೇಲೆ ಹೊರಬಿತ್ತು. ರಕ್ಷಣೆ ಇದೆ ಎಂಬ ನಂಬಿಕೆ ಹುಟ್ಟಿಸಿ ರಕ್ಷಣೆ ಕೊಡದಿರುವುದು, ಏನೂ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಕ್ಯಾಮೆರಾ ಕೇಳುವ ನಮ್ಮ ಹಿರಿಯರಿಗೂ ನಾನು ಹೇಳುವುದು ಇದನ್ನೇ: ಆ ಕಡೆ ಪರದೆಯ ಮುಂದೆ ಯಾರು ಕೂತಿರುತ್ತಾರೆ, ಕೂತಿರುತ್ತಾರೆಯೇ ಎಂದು ಮೊದಲು ಕೇಳಿ.

ಎಲ್ಲಕ್ಕಿಂತ ನನ್ನನ್ನು ಕೆರಳಿಸುವ ಯಂತ್ರ ಒಂದಿದೆ. 2005ರಲ್ಲಿ ವೇಲ್ಸ್‌ನ ಹೊವಾರ್ಡ್ ಸ್ಟೇಪಲ್‌ಟನ್ ಅದನ್ನು ಮಾಡಿದರು, ಹೆಸರು ‘ಮಸ್ಕಿಟೊ’. ಸುಮಾರು 17.4 ಕಿಲೋಹರ್ಟ್ಸ್‌ನ ಕೀರಲು ಸದ್ದನ್ನು ಅದು ಹೊರಡಿಸುತ್ತದೆ. ವಯಸ್ಸಾದಂತೆ ಕಿವಿ ಮೇಲಿನ ಕಂಪನಾಂಕಗಳನ್ನು ಮೊದಲು ಕಳೆದುಕೊಳ್ಳುವುದರಿಂದ ಈ ಸದ್ದು ಹೆಚ್ಚಾಗಿ ಇಪ್ಪತ್ತೈದರ ಒಳಗಿನವರಿಗೆ ಮಾತ್ರ ಕೇಳಿಸುತ್ತದೆ. ಹರೆಯದವರು ಒಂದು ಕಡೆ ಗುಂಪುಗೂಡಬಾರದು ಎಂಬುದಕ್ಕೇ ಅದನ್ನು ಹಾಕುತ್ತಾರೆ. ಅಂಗಡಿಗಳ ಮುಂದೆ ಶುರುವಾದದ್ದು ಪಾರ್ಕುಗಳಿಗೂ ಬಂತು. ಫಿಲಡೆಲ್ಫಿಯಾದ ಹಲವು ಉದ್ಯಾನಗಳಲ್ಲಿ ಅದಿದೆ ಎಂಬುದು 2019ರಲ್ಲಿ ದೊಡ್ಡ ಚರ್ಚೆಯಾಯಿತು. ಐರೋಪ್ಯ ಮಂಡಳಿಯ ಸಂಸದೀಯ ಸಭೆ ಇದನ್ನು ನಿಷೇಧಿಸಬೇಕೆಂದು 2010ರಲ್ಲೇ ಹೇಳಿತ್ತು. ತೊಟ್ಟಿಲ ಮಗುವಿಗೂ ಆ ಸದ್ದು ಕೇಳಿಸುತ್ತದೆ. ಅದನ್ನು ಹಾಕಬೇಕೆಂದು ತೀರ್ಮಾನಿಸುವ ಸಮಿತಿಯಲ್ಲಿ ಕೂತ ಯಾರ ಕಿವಿಗೂ ಬಹುಶಃ ಕೇಳಿಸುವುದಿಲ್ಲ. ತೀರ್ಮಾನಿಸುವವರು ಒಂದು ಕಡೆ, ಅನುಭವಿಸುವವರು ಇನ್ನೊಂದು ಕಡೆ ಎಂಬುದು ಇಷ್ಟು ಸ್ಪಷ್ಟವಾಗಿ ಬೇರೆ ಯಾವ ಯಂತ್ರದಲ್ಲೂ ನನಗೆ ಕಂಡಿಲ್ಲ.

ಕಂಬವಿಲ್ಲದೆ, ಗುಂಡಿ ತೋಡದೆ ಬರುವ ತಂತ್ರಜ್ಞಾನವೂ ಇದೆ. ನಿಜವಾದ ಜಾಗಗಳಿಗೆ ಹೋಗಿ ಮೊಬೈಲಿನ ಪರದೆಯಲ್ಲಿ ಕಾಣುವ ಕಾಲ್ಪನಿಕ ಪ್ರಾಣಿಗಳನ್ನು ಹಿಡಿಯುವ ಪೋಕೆಮಾನ್ ಗೋ ಆಟ 2016ರ ಬೇಸಿಗೆಯಲ್ಲಿ ಶುರುವಾದಾಗ ಅಮೆರಿಕದ ಮಿಲ್ವಾಕಿಯ ಲೇಕ್ ಪಾರ್ಕಿಗೆ, ಅದೂ ಓಲ್ಮ್‌ಸ್ಟೆಡ್ ವಿನ್ಯಾಸ ಮಾಡಿದ ಪಾರ್ಕೇ, ಜನ ಸಾಗರದಂತೆ ಬಂದರು. ಹುಲ್ಲು ತುಳಿದರು, ಕಸ ಬಿತ್ತು, ಅಕ್ಕಪಕ್ಕದ ಮನೆಯವರಿಗೆ ಗಾಡಿ ನಿಲ್ಲಿಸಲು ಜಾಗವಿಲ್ಲ. ಇಂಥ ಆಟಗಳನ್ನು ಮಾಡುವವರು ಮೊದಲೇ ಪರವಾನಗಿ ಪಡೆಯಬೇಕೆಂದು ಅಲ್ಲಿನ ಕೌಂಟಿ ಆಡಳಿತ 2017ರಲ್ಲಿ ನಿಯಮ ತಂದಿತು. ಬೇರೊಂದು ಆಟದ ಕಂಪನಿ ನ್ಯಾಯಾಲಯಕ್ಕೆ ಹೋಯಿತು. ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆಯಾಗುತ್ತದೆ ಎಂಬ ವಾದವನ್ನು ಗಮನಿಸಿ ನ್ಯಾಯಾಲಯ ಅದೇ ವರ್ಷ ಜುಲೈನಲ್ಲಿ ನಿಯಮಕ್ಕೆ ತಡೆ ಕೊಟ್ಟಿತು. ಆಟವಾಡಲು ಬಂದ ಆ ಹುಡುಗರ ಬಗ್ಗೆ ನನಗೆ ಬೇಸರವಿಲ್ಲ. ಅವರಲ್ಲಿ ಎಷ್ಟೋ ಜನ ಆ ಪಾರ್ಕಿಗೆ ಕಾಲಿಟ್ಟದ್ದೇ ಆಗ ಇರಬೇಕು. ಆದರೆ ಒಂದು ಜಾಗಕ್ಕೆ ಸಾವಿರಾರು ಜನರನ್ನು ಕಳಿಸುವ ತೀರ್ಮಾನ ಆ ಜಾಗ ನೋಡದ ಕಡೆ, ಆ ಜಾಗವನ್ನು ಗುಡಿಸುವವರನ್ನು ಒಂದು ಮಾತೂ ಕೇಳದೆ ಆಯಿತು. ನಿಯಮವೂ ಅಷ್ಟೇ ಆತುರದಲ್ಲಿ ಬಂದು ಬಿದ್ದುಹೋಯಿತು.

ಕಾಡಿನಂಥ ದೊಡ್ಡ ಉದ್ಯಾನಗಳಲ್ಲಿ ಟವರ್ ಬೇಕೇ ಎಂಬ ಜಗಳದಲ್ಲಿ ಎರಡೂ ಕಡೆಯವರ ಮಾತು ನನಗೆ ನಿಜವೆನಿಸುತ್ತದೆ. ಕಾಲು ಮುರಿದು ಬಿದ್ದವರಿಗೆ ಸಿಗ್ನಲ್ ಸಿಕ್ಕರೆ ಜೀವ ಉಳಿಯುತ್ತದೆ. ಶಿಖರದ ಮೇಲೆ ನಿಂತವರ ಪಕ್ಕದಲ್ಲಿ ಯಾರೋ ಜೋರಾಗಿ ಫೋನಿನಲ್ಲಿ ವ್ಯವಹಾರ ಮಾತಾಡಿದರೆ ಹತ್ತಿ ಬಂದದ್ದಕ್ಕೆ ಅರ್ಥವಿರುವುದಿಲ್ಲ. ಆದರೆ 2022ರ ಕೊನೆಯಿಂದ ಕೆಲವು ಮಾಮೂಲಿ ಫೋನುಗಳೇ ಟವರಿಲ್ಲದ ಕಡೆ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸಬಲ್ಲವು. ಟವರ್ ಕಟ್ಟಿಬಿಟ್ಟ ಕಡೆ ಇದರಿಂದ ಏನೂ ಬದಲಾಗುವುದಿಲ್ಲ, ಕಾದವರಿಗೆ ಮಾತ್ರ ಹೊಸ ದಾರಿ ಸಿಕ್ಕಿತು. ಡ್ರೋನ್ ವಿಷಯದಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನಗಳು 2014ರ ಜೂನ್‌ನಲ್ಲೇ ಬಾಗಿಲು ಹಾಕಿದವು. ಎರಡು ತಿಂಗಳೊಳಗೆ ಪ್ರವಾಸಿಯೊಬ್ಬರ ಡ್ರೋನ್ ಯೆಲ್ಲೊಸ್ಟೋನಿನ ಬಣ್ಣದ ಬಿಸಿನೀರ ಬುಗ್ಗೆ ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್‌ಗೆ ಬಿತ್ತು. ಆದರೂ ಕಾಣೆಯಾದವರನ್ನು ಹುಡುಕಲು ಉದ್ಯಾನದ ಸಿಬ್ಬಂದಿ ಡ್ರೋನ್ ಬಳಸಬಹುದು. ಒಬ್ಬರ ಖುಷಿಗೆ ಎಲ್ಲರ ಕಿವಿ ತುಂಬುವುದು ಬೇಡ, ಒಬ್ಬರ ಜೀವಕ್ಕೆ ತುಂಬಿದರೆ ಅಡ್ಡಿಯಿಲ್ಲ. ಈ ಗೆರೆ ನನಗೆ ಒಪ್ಪಿಗೆ.

ಯಂತ್ರವೆಂದರೆ ಮುಖ ಸಿಂಡರಿಸುವವರಿಗೆ ನಾನು ಅಮೆರಿಕದ ಕೊಲೊರಾಡೊದ ಸ್ಟಾಂಟನ್ ರಾಜ್ಯೋದ್ಯಾನದ ಕುರ್ಚಿಗಳ ಬಗ್ಗೆ ಹೇಳುತ್ತೇನೆ. ಚಕ್ರದ ಬದಲು ಟ್ರ್ಯಾಕ್ಟರಿನಂಥ ಪಟ್ಟಿಯ ಮೇಲೆ ಉರುಳುವ ವಿದ್ಯುತ್ ಕುರ್ಚಿಗಳು ಅವು. ನಡೆಯಲಾಗದವರು ಕಲ್ಲು, ಬೇರು, ಏರು ದಾಟಿ ಕಾಡುದಾರಿಯಲ್ಲಿ ಹೋಗಿ ಬರಲೆಂದು 2017ರಿಂದ ಅಲ್ಲಿ ಕೊಡುತ್ತಾರೆ. ಕಾಪಿಟ್ಟ ವನ್ಯಪ್ರದೇಶಗಳಲ್ಲಿ ಮೋಟಾರಿಗೆ ಪ್ರವೇಶವಿಲ್ಲ ಎಂದು 1964ರ ವನ್ಯಪ್ರದೇಶ ಕಾಯಿದೆಯಲ್ಲೇ ಬರೆದುಕೊಂಡ ದೇಶ ಅದು. ಗಾಲಿಕುರ್ಚಿಗೆ ಆ ನಿಷೇಧ ಅನ್ವಯಿಸುವುದಿಲ್ಲ ಎಂದು 1990ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಬಿಡಿಸಿ ಹೇಳಬೇಕಾಯಿತು. ಇದಕ್ಕೆ ತದ್ವಿರುದ್ಧವಾದದ್ದು ಆ್ಯಪಿನಲ್ಲಿ ಹೆಸರು ನೋಂದಾಯಿಸಿದರೆ ಮಾತ್ರ ತೆರೆಯುವ ಗೇಟು. ಅದರಲ್ಲಿ ಪಟ್ಟಿಯೂ ಇಲ್ಲ, ಮೋಟಾರೂ ಇಲ್ಲ, ಸದ್ದೂ ಇಲ್ಲ. ಸ್ಮಾರ್ಟ್‌ಫೋನ್ ಇಲ್ಲದವರು ಹೊರಗೆ, ಅಷ್ಟೇ.

ತೀರ್ಮಾನ ಮೊದಲು, ವಿಚಾರ ಆಮೇಲೆ ಎಂಬ ರೂಢಿ ಎಲ್ಲ ಕಡೆಯೂ ಇದೆ. 2019ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಳ್ಳುವ ಅಮೆರಿಕದ ಆಂತರಿಕ ಇಲಾಖೆ ಒಂದು ಆದೇಶದಲ್ಲಿ ಅಲ್ಲಿನ ಸೈಕಲ್ ದಾರಿಗಳನ್ನು ವಿದ್ಯುತ್ ಸೈಕಲ್ಲುಗಳಿಗೂ ತೆರೆಯಲು ಹೇಳಿತು. ಪರಿಸರದ ಮೇಲೆ ಅದರ ಪರಿಣಾಮವನ್ನು ಸರಿಯಾಗಿ ಪರಿಶೀಲಿಸಿಲ್ಲ ಎಂದು 2022ರಲ್ಲಿ ನ್ಯಾಯಾಲಯ ಹೇಳಬೇಕಾಯಿತು. ಮಂಡಿ ನೋವಿನವರಿಗೆ, ವಯಸ್ಸಾದವರಿಗೆ ಆ ಸೈಕಲ್ಲು ನಿಜಕ್ಕೂ ವರ. ಮೊದಲೇ ಕೂತು ಮಾತಾಡಿದ್ದರೆ ಯಾವ ದಾರಿಯಲ್ಲಿ ಬಿಡಬಹುದು, ಯಾವುದರಲ್ಲಿ ಬೇಡ ಎಂದು ಕೋರ್ಟಿಲ್ಲದೆಯೇ ಗೆರೆ ಹಾಕಬಹುದಿತ್ತು.

ನಮ್ಮ ಪಾರ್ಕಿನ ಸಭೆಯ ನಂತರ ನಾವು ಕೆಲವರು ಸೇರಿ ಕಚೇರಿಗೆ ಒಂದು ಮನವಿ ಬರೆದೆವು. ದೀಪಗಳಿಗೆ ಮುಚ್ಚಳ ಮತ್ತು ಹಳದಿ ಬೆಳಕು ಬೇಕೆಂದು ಹಕ್ಕಿ ನೋಡುವ ಹಿರಿಯರೂ ಆ ಹೆಂಗಸೂ ಒಂದೇ ಹಾಳೆಯಲ್ಲಿ ಸಹಿ ಹಾಕಿದರು. ಯಾವ ಉಪಕರಣ ಬಂದರೂ ಅದನ್ನು ಹಾಕುವ ದಿನಾಂಕದ ಪಕ್ಕದಲ್ಲೇ ಮರುಪರಿಶೀಲನೆಯ ದಿನಾಂಕ ಇರಬೇಕು, ಆ ದಿನ ಮತ್ತೆ ಒಪ್ಪಿಗೆ ಸಿಗದಿದ್ದರೆ ಹಾಕಿದವರೇ ತೆಗೆದುಕೊಂಡು ಹೋಗಬೇಕು, ಅದರ ಖರ್ಚು ಮೊದಲ ಲೆಕ್ಕದಲ್ಲೇ ಸೇರಿರಬೇಕು ಎಂದು ಬರೆದೆವು. ಕ್ಯಾಮೆರಾ ಬಗ್ಗೆ ನಮ್ಮಲ್ಲೇ ಒಮ್ಮತವಿಲ್ಲ. ಗೇಟಿನಲ್ಲಿ ಸಾಕು, ಒಳಗೆ ಬೇಡ ಎಂದು ನಾನು ವಾದಿಸಿದೆ. ಚೀಲ ಕಳೆದುಕೊಂಡವರು ಒಪ್ಪಲಿಲ್ಲ, ಅವರ ಚೀಲ ಹೋದದ್ದು ಒಳಗಿನ ಬೆಂಚಿನಿಂದ. ದೃಶ್ಯಗಳು ಎಷ್ಟು ದಿನ ಉಳಿಯುತ್ತವೆ, ಯಾರು ತೆಗೆದು ನೋಡಬಹುದು, ನೋಡಿದ್ದಕ್ಕೆ ದಾಖಲೆ ಇಡುತ್ತಾರೆಯೇ ಎಂಬ ಪ್ರಶ್ನೆಗಳನ್ನಾದರೂ ಎರಡೂ ಕಡೆಯವರು ಸೇರಿಯೇ ಕೇಳಿದೆವು. ಸಂಜೆ ಮೆಟ್ಟಿಲ ಮೇಲೆ ಕೂರುವ ಹುಡುಗರನ್ನು ಮೊದಲ ಸಭೆಗೆ ಯಾರೂ ಕರೆದಿರಲಿಲ್ಲ. ಎಲ್ಲರೂ ಮಾತಾಡಿದ್ದು ಅವರ ಬಗ್ಗೆಯೇ. ಮುಂದಿನ ಸಭೆಯನ್ನು ಬೆಳಿಗ್ಗೆಯ ಬದಲು ಅವರು ಬರುವ ಹೊತ್ತಿಗೇ, ಆ ಮೆಟ್ಟಿಲ ಹತ್ತಿರವೇ ಇಡಲು ಕೇಳಿದ್ದೇವೆ. ಅಲ್ಲಿಯವರೆಗೆ ಗುಂಡಿ ತೋಡಬಾರದು ಎಂಬುದು ಮನವಿಯ ಕೊನೆಯ ಸಾಲು.